ಕಳ್ಳ ಸಿಕ್ಕಿದ ಮೇಲಿನ ಪುಟ

ಪತ್ತೇದಾರಿ ಚಿತ್ರಕಥೆಗಳನ್ನು ಕುರಿತು ಈ ತ್ರೈಮಾಸಿಕದಲ್ಲಿ ಬರೆಯಹೊರಟಿರುವುದು ಕೆಲವು ಓದುಗರಿಗೆ ಅನುಚಿತವೆನಿಸಬಹುದು. ಕಳ್ಳತನ, ಕೊಲೆ, ವಂಚನೆಗಳೇ ವಸ್ತುವಾಗಿರುವ ಪುಸ್ತಕಗಳನ್ನು ಮಕ್ಕಳ ಕೈಯಿಂದ ದೂರವಿಡಬೇಕೆಂಬುದಷ್ಟೇ ನಮ್ಮ ಮನೆಗಳಲ್ಲಿ ಅವುಗಳ ಬಗ್ಗೆ ನಡೆಯುವ ವಿಚಾರ. ಅವು ಕಥೆಯನ್ನು ಹೇಗೆ ಕಟ್ಟುತ್ತವೆ, ಎಲ್ಲಿ ಆರಂಭಿಸಿ ಎಲ್ಲಿ ನಿಲ್ಲಿಸುತ್ತವೆ ಎಂಬುದನ್ನು ಯಾರೂ ಕೇಳುವುದಿಲ್ಲ. ನನಗಾದರೋ, ಕೇಡು ಇರುವುದು ಆ ಪುಸ್ತಕಗಳು ತೋರಿಸುವ ಕಳ್ಳತನದಲ್ಲಿ ಅಷ್ಟಾಗಿ ಅಲ್ಲ, ಅವು ಕಥೆಯನ್ನು ನಿಲ್ಲಿಸುವ ಜಾಗದಲ್ಲಿ ಎಂದು ಈಚೆಗೆ ತೋರತೊಡಗಿದೆ. ಆ ಜಾಗವನ್ನು ನಾನೂ ಅವುಗಳಿಂದಲೇ ಕಲಿತವನು. ಅದರ ಪ್ರಸಂಗ ಮುಂದೆ ಬರುತ್ತದೆ.

ಕಳೆದ ಮಳೆಗಾಲದಲ್ಲಿ ನನ್ನ ತಮ್ಮನ ಮಗ ಬೆಂಗಳೂರಿನಿಂದ ವನಗೂರಿಗೆ ಬಂದು ಒಂದು ವಾರ ಇದ್ದ. ಕರೆಂಟು ಹೋಗಿ ಮೂರು ದಿನವಾಗಿತ್ತು. ಬೇರೆ ಕೆಲಸವಿಲ್ಲದೆ ಅಟ್ಟದ ಪೆಟ್ಟಿಗೆಗಳನ್ನು ಇಳಿಸಿದಾಗ, ನಮ್ಮ ತಂದೆಯವರ ಕಾಲದ ಖಾತೆ ಪುಸ್ತಕಗಳ ನಡುವೆ ಇಂದ್ರಜಾಲ ಕಾಮಿಕ್ಸಿನ ಒಂದು ಕಟ್ಟು ಸಿಕ್ಕಿತು. ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಪ್ರಕಾಶಕರು 1964ರಲ್ಲಿ ಆರಂಭಿಸಿ 1990ರವರೆಗೆ ನಡೆಸಿದ ಈ ಮಾಲೆ ಕನ್ನಡದಲ್ಲಿಯೂ ಬರುತ್ತಿತ್ತು. ನನ್ನ ವಯಸ್ಸಿನ ಓದುಗರಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ಸಕಲೇಶಪುರದಿಂದ ಬರುವ ಬಸ್ಸಿನ ಕಂಡಕ್ಟರಿಗೆ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದೆವು. ಬಹಳ ಜನ ಫ್ಯಾಂಟಮನನ್ನು, ಮ್ಯಾಂಡ್ರೇಕನನ್ನು ನೆನೆಯುತ್ತಾರೆ. ನನಗೆ ಮಾತ್ರ ಆಗಲೂ ಈಗಲೂ ಪ್ರಿಯನಾದವನು ರಿಪ್ ಕರ್ಬಿ. ಮುಖವಾಡವಿಲ್ಲ, ಮಂತ್ರವಿಲ್ಲ. ಕನ್ನಡಕ ಹಾಕಿಕೊಂಡು, ಚದುರಂಗದ ಮಣೆಯ ಮುಂದೆ ಕೂತು ಯೋಚಿಸುವ ಪತ್ತೇದಾರ ಆತ.

ಈ ಪಾತ್ರವನ್ನು ಸೃಷ್ಟಿಸಿದವರು ಅಮೆರಿಕದ ಅಲೆಕ್ಸ್ ರೇಮಂಡ್. ಮೊದಲು ಪ್ರಕಟವಾದದ್ದು 1946ರ ಮಾರ್ಚಿನಲ್ಲಿ. ರೇಮಂಡ್ 1956ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಜಾನ್ ಪ್ರೆಂಟಿಸ್ ಅದನ್ನು 1999ರವರೆಗೆ ಬರೆದುಕೊಂಡು ಬಂದರು. ಮೂಲದಲ್ಲಿ ಅದು ಪುಸ್ತಕವಲ್ಲ, ದಿನಪತ್ರಿಕೆಯಲ್ಲಿ ದಿನಕ್ಕೆ ಮೂರು ನಾಲ್ಕು ಚೌಕಗಳಂತೆ ಬರುತ್ತಿದ್ದ ಧಾರಾವಾಹಿ. ಅದರ ಕಥನಕ್ರಮವೆಲ್ಲ ಈ ಅಳತೆಯಿಂದ ಹುಟ್ಟಿದ್ದು. ಮೊದಲ ಚೌಕ ನಿನ್ನೆಯದನ್ನು ನೆನಪಿಸಬೇಕು, ಕೊನೆಯ ಚೌಕ ನಾಳೆಯ ಪತ್ರಿಕೆಯನ್ನು ಕೊಳ್ಳುವಂತೆ ಮಾಡಬೇಕು. ಬಾಗಿಲ ಹಿಡಿ ತಿರುಗುತ್ತದೆ, ಹೊರಗೆ ಯಾರೆಂದು ತಿಳಿಯದು. ಕೈಯೊಂದು ಮೇಜಿನ ಡ್ರಾಯರಿಗೆ ಹೋಗುತ್ತದೆ, ಒಳಗೇನಿದೆಯೆಂದು ಕಾಣದು. ವ್ಯಾಪಾರಿಯಾದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಗಿರಾಕಿ ನಾಳೆಯೂ ಬರಬೇಕು.

ಇಂದ್ರಜಾಲದವರು ಈ ಪಟ್ಟಿಗಳನ್ನು ಕತ್ತರಿಸಿ ಪುಸ್ತಕದ ಪುಟಕ್ಕೆ ಜೋಡಿಸಿ ಬಣ್ಣ ತುಂಬಿದರು. ಅಲ್ಲಿ ಒಂದು ನಷ್ಟವಾಯಿತು. ರೇಮಂಡರ ಶಕ್ತಿಯೆಲ್ಲ ಕಪ್ಪು ಶಾಯಿಯಲ್ಲಿತ್ತು. ಕಿಟಕಿಯ ಪಟ್ಟಿಗಳ ನೆರಳು ಗೋಡೆಯ ಮೇಲೆ ಬೀಳುವುದು, ಅರ್ಧ ಮುಖ ಬೆಳಕಿನಲ್ಲಿ ಅರ್ಧ ಕತ್ತಲಲ್ಲಿ ನಿಲ್ಲುವುದು, ಇವೆಲ್ಲ ನಮ್ಮ ಪುಸ್ತಕದಲ್ಲಿ ನೀಲಿ, ನೇರಳೆ ಬಣ್ಣದ ತೇಪೆಗಳಾದವು. ರೇಮಂಡ್ ಕರ್ಬಿಯನ್ನು ಆರಂಭಿಸಿದ ಅದೇ 1946ರಲ್ಲಿ ನಿನೊ ಫ್ರಾಂಕ್ ಎಂಬ ವಿಮರ್ಶಕರು ಅಮೆರಿಕದ ಕೆಲವು ಅಪರಾಧ ಚಲನಚಿತ್ರಗಳನ್ನು ಫ್ರೆಂಚ್ ಭಾಷೆಯಲ್ಲಿ ‘ನ್ವಾರ್’, ಅಂದರೆ ಕಪ್ಪು ಚಿತ್ರಗಳು ಎಂದು ಕರೆದರು. ಹೆಸರು ನಿಂತಿತು. ರಾತ್ರಿ, ಒದ್ದೆ ರಸ್ತೆ, ಒಂಟಿ ದೀಪ, ಹ್ಯಾಟಿನ ಅಂಚಿನ ಕೆಳಗೆ ಕಾಣದ ಕಣ್ಣು. ಇವು ಆ ಜಾತಿಯ ಕಥೆಗಳ ಕಟ್ಟುಕಟ್ಟಳೆಗಳು. ಅವುಗಳಲ್ಲಿ ಮಳೆ ಬಂತೆಂದರೆ ಯಾರೋ ಸಾಯುತ್ತಾರೆ. ಈ ಮಲೆನಾಡಿನಲ್ಲಿ ಹುಟ್ಟಿದವನಿಗೆ ಇದು ನಗು ತರಿಸುತ್ತದೆ. ನಮಗೆ ಅಕಾಲದಲ್ಲಿ ಮಳೆ ಎಂದರೆ ಕಣದಲ್ಲಿ ಹರಡಿದ ಕಾಫಿಯ ಚಿಂತೆ, ಮತ್ತೇನಿಲ್ಲ. ಅಂತೆಯೇ ಕರ್ಬಿಯ ಕಥೆಗಳಲ್ಲಿ ಹೊನ್ನಿನ ಕೂದಲ ಹನಿ ಡೋರಿಯನ್ ಒಳ್ಳೆಯವಳು, ಕಪ್ಪು ಕೂದಲ ಪೇಗನ್ ಲೀ ಅಪಾಯಕಾರಿ. ಮನೆಯ ಹೆಂಗಸರೆಲ್ಲರೂ ಕಪ್ಪು ಕೂದಲಿನವರೇ ಆಗಿದ್ದ ನಮಗೆ ಈ ಸಂಕೇತ ತಿಳಿಯಲು ಬಹಳ ಕಾಲ ಹಿಡಿಯಿತು.

ಇವು ಮೇಲ್ಮೈಯ ಮಾತುಗಳು. ಈ ಕಥೆಗಳ ನಿಜವಾದ ನಿಯಮ ಒಂದೇ: ಅಪರಾಧಿ ಸಿಕ್ಕಿಬಿದ್ದ ಕ್ಷಣದಲ್ಲಿ ಕಥೆ ಮುಗಿಯುತ್ತದೆ. ಕೊನೆಯ ಪುಟದಲ್ಲಿ ಪೊಲೀಸರ ಕಾರು, ಕೈಕೋಳ, ಪತ್ತೇದಾರನ ವಿವರಣೆ, ಒಂದು ಹಾಸ್ಯದ ಮಾತು. ನಮ್ಮ ಕನ್ನಡದ ಪತ್ತೇದಾರಿ ಕಾದಂಬರಿಗಳೂ ಇದೇ ದಾರಿಯಲ್ಲಿ ನಡೆದವು. 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು 2011ರಲ್ಲಿ ನಿಧನರಾದ ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ಬಾಡಿಗೆಗೆ ತಂದು ಓದದ ಮನೆ ಆ ಕಾಲದಲ್ಲಿ ಕಡಿಮೆ. ಓದುವ ಹವ್ಯಾಸವೇ ಇಲ್ಲದವರನ್ನು ಓದುಗರನ್ನಾಗಿ ಮಾಡಿದ ಉಪಕಾರವನ್ನು ಮರೆಯಬಾರದು. ಆದರೆ ಅಲ್ಲಿಯೂ ರಹಸ್ಯ ಬಯಲಾದೊಡನೆ ಪುಸ್ತಕ ಮುಚ್ಚುತ್ತದೆ. ಸಿಕ್ಕವನು ಮರುದಿನ ಬೆಳಗ್ಗೆ ಏನು ಮಾಡಿದ ಎಂಬುದು ಲೇಖಕನ ಹೊಣೆಯಲ್ಲ.

ಇದು ಕೇವಲ ಅಭ್ಯಾಸವಾಗಿ ಉಳಿಯಲಿಲ್ಲ, ಅಮೆರಿಕದಲ್ಲಿ ಶಾಸನದ ರೂಪವನ್ನೂ ತಾಳಿತು. ಚಿತ್ರಕಥೆಗಳು ಮಕ್ಕಳನ್ನು ಕೆಡಿಸುತ್ತವೆಂಬ ಕೂಗು ಎದ್ದು, 1954ರಲ್ಲಿ ಪ್ರಕಾಶಕರು ತಮ್ಮ ಪುಸ್ತಕಗಳಿಗೆ ತಾವೇ ಒಂದು ನಿಯಮಾವಳಿ ಮಾಡಿಕೊಂಡರು. ಅಪರಾಧಿಗೆ ಯಾವಾಗಲೂ ಶಿಕ್ಷೆಯಾಗಬೇಕೆಂದು ಅದು ವಿಧಿಸಿತು. ಅಷ್ಟಕ್ಕೆ ನಮ್ಮ ತಕರಾರಿಲ್ಲ. ಅದರ ಜೊತೆಗೆ, ಅಪರಾಧಿಯ ಬಗ್ಗೆ ಸಹಾನುಭೂತಿ ಹುಟ್ಟುವಂತೆ ಅಪರಾಧವನ್ನು ಚಿತ್ರಿಸಕೂಡದೆಂದೂ ವಿಧಿಸಿತು. ಮಕ್ಕಳನ್ನು ಕಾಪಾಡುವ ಸದುದ್ದೇಶದಿಂದ ಅನುಕಂಪವನ್ನು ನಿಷೇಧಿಸಿದ್ದು ವಿಚಿತ್ರವಲ್ಲವೇ? ಪತ್ರಿಕೆಯ ಧಾರಾವಾಹಿಗಳಿಗೆ ಆ ನಿಯಮಾವಳಿ ಅನ್ವಯಿಸುತ್ತಿರಲಿಲ್ಲ, ಆದರೂ ಗಾಳಿ ಒಂದೇ.

ಆದುದರಿಂದಲೇ ಕರ್ಬಿಯ ಮನೆಯಲ್ಲಿ ಚಹಾದ ತಟ್ಟೆ ಹಿಡಿದು ನಿಂತಿರುವ ಒಬ್ಬನ ಕಡೆಗೆ ಓದುಗರ ಗಮನ ಸೆಳೆಯಬಯಸುತ್ತೇನೆ. ಆತನ ಹೆಸರು ಡೆಸ್ಮಂಡ್. ಕರ್ಬಿಯ ಸೇವಕ. ನಯವಾದ ಮಾತು, ಶುಭ್ರ ಉಡುಪು. ಹಿಂದೆ ಆತ ಮನೆಗಳಿಗೆ ಕನ್ನ ಹಾಕುತ್ತಿದ್ದ ಕಳ್ಳ. ಕಳ್ಳತನ ಬಿಟ್ಟು ಪತ್ತೇದಾರನ ಮನೆಯನ್ನೇ ನೋಡಿಕೊಳ್ಳುತ್ತಿದ್ದಾನೆ. ಬೀಗದ ಕೈಗಳೆಲ್ಲ ಅವನ ಬಳಿಯೇ. ಬೇರೆಲ್ಲ ಕಥೆಗಳು ನಿಲ್ಲುವ ಜಾಗವನ್ನು ದಾಟಿ ಬಂದ ಮನುಷ್ಯ ಈತ. ಹುಡುಗನಾಗಿದ್ದಾಗ ನಾನು ಅವನನ್ನು ಹಾಸ್ಯಪಾತ್ರವೆಂದು ತಿಳಿದಿದ್ದೆ. ಈಗ ಮತ್ತೆ ಓದಿದಾಗ ಆ ಮಾಲೆಯ ನೈತಿಕ ಭಾರವೆಲ್ಲ ಅವನ ಮೇಲೆಯೇ ನಿಂತಿದೆಯೆನಿಸಿತು.

ಆದರೆ ರೇಮಂಡರು ಅವನಿಗೆ ಪೂರ್ಣ ನ್ಯಾಯ ಒದಗಿಸಿಲ್ಲ. ಬೀಗ ತೆರೆಯಬೇಕಾದ ಸಂದರ್ಭ ಬಂದರೆ ಡೆಸ್ಮಂಡನ ಹಳೆಯ ವಿದ್ಯೆ ನೆನಪಾಗುತ್ತದೆ. ಬಿಟ್ಟ ಕಸುಬನ್ನು ಒಳ್ಳೆಯ ಉದ್ದೇಶಕ್ಕಾಗಿ ಮತ್ತೆ ಮಾಡಿಸಲಾಗುತ್ತದೆ, ಓದುಗ ನಗುತ್ತಾನೆ. ಕಳ್ಳತನ ಬಿಟ್ಟವನನ್ನು ಕಥೆ ಇಟ್ಟುಕೊಂಡಿರುವುದು ಅವನು ಕಳ್ಳನಾಗಿದ್ದ ಕಾರಣಕ್ಕೇ ಎಂದಾಯಿತು. ವ್ರತ ತೊಟ್ಟವನಿಗೆ ಪದೇ ಪದೇ ಹಳೆಯ ರುಚಿಯನ್ನು ನೆನಪಿಸಿ ಮೋಜು ನೋಡುವುದು ಸೌಜನ್ಯವಲ್ಲ.

ಇದೇ ಇಂದ್ರಜಾಲ ಮಾಲೆಯಲ್ಲಿ 1976ರಲ್ಲಿ ಬಂದ ಬಹಾದೂರ್ ನಮ್ಮ ದೇಶದ್ದೇ ಪಾತ್ರ. ಬರೆದವರು ಆಬಿದ್ ಸುರತಿ, ಚಿತ್ರ ಗೋವಿಂದ ಬ್ರಹ್ಮಾನಿಯಾ ಅವರದು. ಚಂಬಲ್ ಕಣಿವೆಯ ಡಕಾಯಿತರು ಜಯಪ್ರಕಾಶ ನಾರಾಯಣರ ಎದುರು ಶಸ್ತ್ರ ಒಪ್ಪಿಸಿ ಆಗಿನ್ನೂ ನಾಲ್ಕು ವರ್ಷ. ಬಹಾದೂರ್ ಡಕಾಯಿತನ ಮಗ. ತಂದೆ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾಗುತ್ತಾನೆ. ಆ ಅಧಿಕಾರಿಯೇ ಹುಡುಗನನ್ನು ಸಾಕುತ್ತಾನೆ. ಸೇಡಿನ ಕಿಚ್ಚಿನಲ್ಲಿ ಬೆಳೆದ ಹುಡುಗ ನಿಜ ತಿಳಿದು, ಮುಂದೆ ಡಕಾಯಿತರಿಂದ ಹಳ್ಳಿಗಳನ್ನು ಕಾಯುವ ನಾಗರಿಕ ಸುರಕ್ಷಾ ದಳವನ್ನು ಕಟ್ಟುತ್ತಾನೆ. ಆರಂಭ ಅದ್ಭುತವಾದದ್ದು. ಕೊಂದವನು ಸಾಕಿದ, ಸಾಕಿಸಿಕೊಂಡವನು ಕ್ಷಮಿಸಿದ. ಇದಕ್ಕಿಂತ ದೊಡ್ಡ ವಸ್ತು ಯಾವ ಪುರಾಣಕ್ಕೆ ಬೇಕು? ಆದರೆ ಕೆಲವು ಸಂಚಿಕೆಗಳಾದ ಮೇಲೆ ಅದೂ ಹೊಡೆದಾಟದ ಮಾಮೂಲಿ ದಾರಿ ಹಿಡಿಯಿತು. ಕೇಸರಿ ಕುರ್ತಾ, ಜೀನ್ಸ್ ಉಳಿದವು, ಆ ಮನೆಯೊಳಗಿನ ಮೌನ ಮರೆಯಾಯಿತು.

ತಮ್ಮನ ಮಗ ನನ್ನ ಈ ಮಾತುಗಳನ್ನು ಕೇಳಿ, ತನ್ನ ಚೀಲದಿಂದ ಬೇರೊಂದು ಪುಸ್ತಕ ತೆಗೆದುಕೊಟ್ಟ. ಎಡ್ ಬ್ರುಬೇಕರ್ ಬರೆದು ಶಾನ್ ಫಿಲಿಪ್ಸ್ ಚಿತ್ರಿಸಿರುವ, 2006ರಲ್ಲಿ ಆರಂಭವಾದ ‘ಕ್ರಿಮಿನಲ್’ ಎಂಬ ಮಾಲೆ. ಇದು ಮಕ್ಕಳ ಪುಸ್ತಕ ಖಂಡಿತ ಅಲ್ಲ. ಹಿಂಸೆಯೂ ಅಶ್ಲೀಲವೂ ಧಾರಾಳವಾಗಿವೆ. ಆದರೂ ಎರಡು ಸಂಪುಟ ಓದಿದೆ, ಓದಿಸಿಕೊಳ್ಳುವ ಬಲ ಅದಕ್ಕಿದೆ. ಇಲ್ಲಿ ಪತ್ತೇದಾರನೇ ಇಲ್ಲ. ಒಂದು ಊರು, ಅಲ್ಲಿಯ ಒಂದು ಮದ್ಯದಂಗಡಿ, ಅಲ್ಲಿಗೆ ಬಂದುಹೋಗುವ ಕಳ್ಳರು. ಪ್ರತಿ ಕಥೆಗೂ ಬೇರೆ ಬೇರೆ ನಾಯಕ. ಒಂದರಲ್ಲಿ ಮೂಲೆಯಲ್ಲಿ ಕಂಡವನು ಇನ್ನೊಂದರಲ್ಲಿ ನಡುವಿಗೆ ಬರುತ್ತಾನೆ. ಟೀಗ್ ಲಾಲೆಸ್ ಎಂಬ ಕ್ರೂರಿಯ ಇಬ್ಬರು ಮಕ್ಕಳು ತಂದೆ ಬಿಟ್ಟುಹೋದದ್ದನ್ನು ಹೊರುತ್ತಾರೆ. ಕಿರಿಯನು ಕೊಲೆಯಾಗುತ್ತಾನೆ. ಹಿರಿಯನು ಸೈನ್ಯದಿಂದ ಮರಳಿ ತಮ್ಮನ ಕೊಂದವರನ್ನು ಹುಡುಕಹೊರಟು ತಾನೂ ಅದೇ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಹೊಸ ಬಣ್ಣಗಾರರು ಕತ್ತಲನ್ನು ಕೆಡಿಸದೆ ಬಣ್ಣ ಹಾಕುವುದನ್ನು ಕಲಿತಿದ್ದಾರೆಂಬುದನ್ನೂ ಹೇಳಬೇಕು.

“ದೊಡ್ಡಪ್ಪ, ಇದೂ ನೀವು ಹೇಳುವ ಕರ್ಮಸಿದ್ಧಾಂತವೇ ಅಲ್ಲವೇ? ಮಾಡಿದ್ದನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ,” ಎಂದ ಹುಡುಗ.

ಮೇಲ್ನೋಟಕ್ಕೆ ಹೌದೆನಿಸುತ್ತದೆ, ಅದರಲ್ಲಿಯೇ ಅಪಾಯವಿದೆ. ಈ ಕಪ್ಪು ಕಥೆಗಳಲ್ಲಿ ಬಂಧವಿದೆ, ನಿರ್ಜರೆ ಇಲ್ಲ. ಒಮ್ಮೆ ಜಾರಿದವನು ಜಾರುತ್ತಲೇ ಹೋಗಬೇಕು. ತಿರುಗಿ ನಿಲ್ಲಲು ಯತ್ನಿಸಿದಷ್ಟೂ ಉರುಳು ಬಿಗಿಯಬೇಕು. ಅದು ಆ ಜಾತಿಯ ಕಥೆಗಳ ಕಟ್ಟಳೆಯೇ ಹೊರತು ಬದುಕಿನ ನಿಯಮವಲ್ಲ. ತಂದೆಯ ಕರ್ಮವನ್ನು ಮಗ ಅನುಭವಿಸುವನೆಂಬುದಂತೂ ನಮ್ಮ ಶಾಸ್ತ್ರಕ್ಕೆ ಪೂರ್ತಿ ವಿರುದ್ಧ. ಹಳೆಯ ಕರ್ಬಿ ‘ಸಿಕ್ಕ, ಮುಗಿಯಿತು’ ಎನ್ನುತ್ತಾನೆ. ಹೊಸ ಕಥೆಗಾರರು ‘ಸಿಗದಿದ್ದರೂ ಮುಗಿಯಿತು’ ಎನ್ನುತ್ತಾರೆ. ಕೌಶಲದಲ್ಲಿ ಎರಡನೆಯವರು ಮುಂದಿದ್ದಾರೆ. ಮನುಷ್ಯನ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ಪುಸ್ತಕ ಮುಚ್ಚುತ್ತಾರೆ.

ಹೀಗೆ ವಾದಿಸುತ್ತ, ನಾನೂ ಒಮ್ಮೆ ಪತ್ತೇದಾರನಾಗಿದ್ದ ಪ್ರಸಂಗವನ್ನು ಅವನಿಗೆ ಹೇಳಿದೆ. ಬಂಧುಗಳ ಎದುರು ಇಪ್ಪತ್ತು ಸಲವಾದರೂ ಹೇಳಿ ನಗಿಸಿರುವ ಕಥೆ. 1996ರ ಸುಮಾರಿಗೆ ನಮ್ಮ ಅಂಗಡಿಯ ಗಲ್ಲಾದಲ್ಲಿ ವಾರವಾರವೂ ದುಡ್ಡು ಕಡಿಮೆ ಬರುತ್ತಿತ್ತು. ಅಂಗಡಿಯಲ್ಲಿ ಮೂವರು ಕೆಲಸಗಾರರು. ನಾನು ಕಾದಂಬರಿಯಲ್ಲಿ ಓದಿದ್ದಂತೆ ಐದು ನೋಟುಗಳ ನಂಬರನ್ನು ಲೆಕ್ಕದ ಪುಸ್ತಕದ ಹಿಂದೆ ಗುಟ್ಟಾಗಿ ಬರೆದಿಟ್ಟು, ಮೆಣಸಿನ ಮೂಟೆಯ ತೂಕ ನೋಡುವ ನೆವದಿಂದ ಹಿಂದಿನ ಗೋದಾಮಿಗೆ ಹೋದೆ. ಸಂಜೆ ಎಲ್ಲರ ಜೇಬು ನೋಡಿದಾಗ ಎಲ್ಲರಿಗಿಂತ ಚಿಕ್ಕ ಹುಡುಗನ ಬಳಿ ಎರಡು ನೋಟು ಸಿಕ್ಕವು. ಹದಿನಾರು ವರ್ಷದವನಿರಬೇಕು. ಗಿರಾಕಿಗಳ ಎದುರಿಗೇ ಒಂದೊಂದೇ ಅಂಕಿ ಓದಿ ತಾಳೆ ನೋಡಿದೆ. ತಾಳೆಯಾಯಿತು. ಕಥೆ ಯಾವಾಗಲೂ ಅಲ್ಲಿಗೆ ಮುಗಿಯುತ್ತದೆ, ಕೇಳಿದವರು ಭೇಷ್ ಎನ್ನುತ್ತಾರೆ.

ಈ ಸಲ ತಮ್ಮನ ಮಗ ಭೇಷ್ ಎನ್ನಲಿಲ್ಲ. “ಆಮೇಲೆ ಅವನೇನಾದ, ದೊಡ್ಡಪ್ಪ?” ಎಂದು ಕೇಳಿದ.

ಆಮೇಲಿನದು ನನ್ನ ಬಳಿ ಇರಲಿಲ್ಲ. ಅದೇ ಸಂಜೆ ಕೆಲಸದಿಂದ ಬಿಡಿಸಿದ್ದು ನೆನಪಿದೆ. ಮರುದಿನ ಅವನ ತಾಯಿ ಬಂದು ಅಂಗಡಿಯ ಮೆಟ್ಟಿಲ ಕೆಳಗೆ ನಿಂತಿದ್ದದ್ದು ನೆನಪಿದೆ. ಏನು ಹೇಳಿದಳೆಂದು ನೆನಪಿಲ್ಲ, ಬಹುಶಃ ನಾನು ಕೇಳಿಸಿಕೊಳ್ಳಲಿಲ್ಲ. ಅವನು ದುಡ್ಡು ಯಾತಕ್ಕೆ ತೆಗೆದನೆಂದು ಅಂದೂ ಕೇಳಲಿಲ್ಲ. ಕೇಳುವ ಜಾಗ ಆ ಕಥೆಯಲ್ಲಿರಲಿಲ್ಲ. ಆ ಎರಡು ನೋಟುಗಳ ಅಂಕಿಗಳನ್ನು ಈಗಲೂ ಹೇಳಬಲ್ಲೆ. ಹುಡುಗನ ಊರು ಹೆತ್ತೂರಿನ ಕಡೆಯದು ಎಂಬುದಕ್ಕಿಂತ ಹೆಚ್ಚೇನೂ ಹೇಳಲಾರೆ. ನನ್ನ ಇಂದ್ರಜಾಲದ ಓದು, ನನ್ನ ಬಿ.ಕಾಂ. ಲೆಕ್ಕ ಎರಡೂ ಸೇರಿ ಕೊಟ್ಟ ಫಲ ಇಷ್ಟು.

ಆ ರಾತ್ರಿ ದೀಪದ ಬೆಳಕಿನಲ್ಲಿ ವಡ್ಡಾರಾಧನೆಯ ವಿದ್ಯುಚ್ಚೋರ ರಿಸಿಯ ಕಥೆಯನ್ನು ಮತ್ತೆ ತೆರೆದೆ. ಹತ್ತನೆಯ ಶತಮಾನದ್ದೆಂದು ವಿದ್ವಾಂಸರು ಗುರುತಿಸುವ, ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿಕೊಟ್ಟ ಈ ಹತ್ತೊಂಬತ್ತು ಕಥೆಗಳ ಗದ್ಯಗ್ರಂಥದಲ್ಲಿ ಅದೊಂದು ಅಪ್ಪಟ ಪತ್ತೇದಾರಿ ಕಥೆಯಂತೆಯೇ ಆರಂಭವಾಗುತ್ತದೆಂಬುದನ್ನು ನಮ್ಮಲ್ಲಿ ಎಷ್ಟು ಜನ ಗಮನಿಸಿದ್ದೇವೆ? ಮಿಥಿಳೆಯ ಅರಸನ ಹಾರ ಕಳುವಾಗಿದೆ. ಊರ ಕಾವಲಿನ ತಳಾರನಾದ ಯಮದಂಡನಿಗೆ ಏಳು ದಿನದ ಗಡುವು. ತಪ್ಪಿದರೆ ಅವನಿಗೇ ಶಿಕ್ಷೆ. ಕಳ್ಳನು ಹಗಲು ಕುಷ್ಠರೋಗಿಯ ವೇಷದಲ್ಲಿ ಪಾಳು ದೇಗುಲದಲ್ಲಿರುತ್ತಾನೆ, ರಾತ್ರಿ ಸುಂದರ ರೂಪದಲ್ಲಿ ತಿರುಗುತ್ತಾನೆ. ಗಡುವು, ವೇಷ, ಕತ್ತಲು, ಪಾಳು ಕಟ್ಟಡ; ಇಪ್ಪತ್ತನೆಯ ಶತಮಾನದವರು ತಾವು ಕಂಡುಹಿಡಿದೆವೆಂದು ತಿಳಿದಿರುವ ಕಟ್ಟಳೆಗಳೆಲ್ಲ ಇಲ್ಲಿವೆ. ಕೊನೆಯ ದಿನ ಯಮದಂಡನು ಅವನನ್ನು ಹಿಡಿದು ತರುತ್ತಾನೆ.

ಕರ್ಬಿಯ ಕಥೆ ಇಲ್ಲಿ ಮುಗಿಯುತ್ತಿತ್ತು. ವಡ್ಡಾರಾಧನೆಯ ಕಥೆ ಇಲ್ಲಿ ಆರಂಭವಾಗುತ್ತದೆ. ಸಿಕ್ಕವನು ತಾನು ಕಳ್ಳನಲ್ಲವೆನ್ನುತ್ತಾನೆ. ಮೂವತ್ತೆರಡು ಬಗೆಯ ದಂಡನೆಗಳನ್ನು ಕೊಡುತ್ತಾರೆ. ನರಕದ ವೇದನೆಗಳ ಬಗ್ಗೆ ಮುನಿಗಳಿಂದ ಕೇಳಿದ್ದನ್ನು ನೆನೆಯುತ್ತ ಸಹಿಸುತ್ತಾನೆ. ಅರಸನು ಅಭಯ ಕೊಟ್ಟ ಮೇಲೆ ತಾನೇ ಕಳ್ಳನೆಂದು ಒಪ್ಪುತ್ತಾನೆ. ಆಗ ತೆರೆಯುವುದು ಬೇರೆಯೇ ರಹಸ್ಯ. ಅವನು ರಾಜಪುತ್ರ, ಯಮದಂಡ ಅವನ ಬಾಲ್ಯದ ಗೆಳೆಯ. ಒಟ್ಟಿಗೆ ಓದುವಾಗ ಒಬ್ಬ ಕಾವಲಿನ ಶಾಸ್ತ್ರ ಕಲಿತ, ಇನ್ನೊಬ್ಬ ಕಳವಿನ ಶಾಸ್ತ್ರ ಕಲಿತ. ನೀನು ಕಾಯುವ ಊರಲ್ಲೇ ನಾನು ಕದಿಯುವೆನೆಂದು ಪಂಥ ಕಟ್ಟಿದ್ದರು. ಆ ಮಾತಿಗೆ ಅಂಜಿ ದೂರ ಬಂದ ಗೆಳೆಯನನ್ನು ಹುಡುಕಿಕೊಂಡು ಇವನು ಬಂದಿದ್ದಾನೆ. ಕಥೆ ಮುಂದೆ ಅವನು ತನ್ನೂರಿಗೆ ಮರಳಿ, ದೀಕ್ಷೆ ಪಡೆದು, ಉಪಸರ್ಗಗಳನ್ನು ಸಹಿಸುವವರೆಗೂ ಸಾಗುತ್ತದೆ. ಕಳವು ಆ ಬದುಕಿನ ಒಂದು ಅಧ್ಯಾಯ ಮಾತ್ರ.

ಹಳೆಯದೆಂಬ ಕಾರಣಕ್ಕೆ ಈ ಕಥೆಯಲ್ಲಿ ಕೊರತೆಯೇ ಇಲ್ಲವೆನ್ನುವವನಲ್ಲ ನಾನು. ವಿದ್ಯುಚ್ಚೋರ ಕದ್ದದ್ದು ಹಸಿವಿನಿಂದಲ್ಲ, ವಿದ್ಯೆಯ ಪರೀಕ್ಷೆಗೆ. ರಾಜಪುತ್ರನೆಂದು ತಿಳಿದ ಮೇಲೆ ಅವನ ಮುಂದಿನ ಬದುಕು ಸುಲಭವಾಗುತ್ತದೆ. ಅವನು ನಿಜಕ್ಕೂ ಯಾರ ಮಗನೂ ಅಲ್ಲದ ಕುಷ್ಠರೋಗಿಯೇ ಆಗಿದ್ದರೆ ಅಭಯ ಸಿಗುತ್ತಿತ್ತೇ? ಅಂಗಡಿಯ ಹುಡುಗನಾಗಿದ್ದರೆ? ಪ್ರಾಚೀನ ಕಥೆಗಾರನಿಗೂ ಅವನ ಕಾಲದ ಕಟ್ಟಳೆಗಳಿದ್ದವು. ಆದರೂ ಅವನು ಪುಟ ತಿರುಗಿಸಿದ, ಅದು ದೊಡ್ಡದು.

ನಮ್ಮ ಬಸದಿಗಳ ಟ್ರಸ್ಟುಗಳು ಪಾಠಶಾಲೆಯ ಮಕ್ಕಳಿಗಾಗಿ ಹೊರತರುವ ಚಿತ್ರಪುಸ್ತಕಗಳಲ್ಲಿ ನಾನು ನೋಡಿದ ಕೆಲವು ಈ ಪುಟವನ್ನು ಹಾರಿಸಿಬಿಡುತ್ತವೆ. ಒಂದು ಚೌಕದಲ್ಲಿ ದಪ್ಪ ಮೀಸೆಯ, ಕೆಂಪು ಕಣ್ಣಿನ ಕಳ್ಳ. ಮುಂದಿನ ಚೌಕದಲ್ಲಿ ತಲೆಯ ಸುತ್ತ ಪ್ರಭಾವಳಿ. ನಡುವೆ ಏನಾಯಿತೆಂದು ಮಗುವಿಗೆ ತಿಳಿಯುವುದೇ ಇಲ್ಲ. ಕೈಕೋಳದ ಜಾಗದಲ್ಲಿ ಪ್ರಭಾವಳಿ ಬಂದಿದೆ, ಅಷ್ಟೇ ವ್ಯತ್ಯಾಸ. ಕಥೆ ಅಲ್ಲಿಯೂ ಬೇಗ ಮುಗಿದಿದೆ. ಯಾವುದಾದರೂ ಟ್ರಸ್ಟು ಮನಸ್ಸು ಮಾಡಿ ವಿದ್ಯುಚ್ಚೋರನ ಕಥೆಯನ್ನು ಒಳ್ಳೆಯ ಚಿತ್ರಕಾರರಿಂದ ಬರೆಸಿದರೆ, ಏಳು ದಿನದ ಹುಡುಕಾಟಕ್ಕೆ ಐದಾರು ಪುಟ ಸಾಕು. ಅದನ್ನು ರೇಮಂಡರ ಹಾಗೆ, ಕಪ್ಪು ಶಾಯಿಯಲ್ಲಿ, ಪ್ರತಿ ಪುಟದ ತುದಿಯಲ್ಲಿ ಒಂದು ಕೊಕ್ಕೆ ಇಟ್ಟು ಬರೆಯಲಿ, ಮಕ್ಕಳು ಬಿಡದೆ ಓದುತ್ತಾರೆ. ಮೂವತ್ತೆರಡು ದಂಡನೆಗಳನ್ನು ತೋರಿಸುವುದು ಬೇಡ. ಹೊರಗಿನಿಂದ ಕಂಡ ಮುಚ್ಚಿದ ಬಾಗಿಲು ಒಂದೇ ಚೌಕದಲ್ಲಿ ಆ ಕೆಲಸ ಮಾಡುತ್ತದೆ.

ಕಷ್ಟವಿರುವುದು ಅದರ ಮರುದಿನದ ಚೌಕದಲ್ಲಿ. ಅರಸನ ಎದುರು ನಿಂತ ಕಳ್ಳನು ಪಕ್ಕದಲ್ಲಿರುವ ತಳಾರನನ್ನು ತೋರಿಸಿ, ಈತ ನನ್ನ ಗೆಳೆಯ, ಇವನಿಗಾಗಿಯೇ ಬಂದೆ ಎನ್ನುತ್ತಾನೆ. ರಾತ್ರಿಯಿಡೀ ಅವನನ್ನು ದಂಡಿಸಿದ ಯಮದಂಡ ಅಲ್ಲೇ ನಿಂತಿದ್ದಾನೆ. ಮಾತಿನ ಗುಳ್ಳೆ ಹಾಕುವಂತಿಲ್ಲ. ಅವನು ಹೇಳುವ ಮಾತೇನೂ ಇಲ್ಲ. ಆ ಮುಖವನ್ನು ಹೇಗೆ ಬರೆಯಬೇಕೆಂದು ತಮ್ಮನ ಮಗ ಕಾಗದದ ಮೇಲೆ ಮೂರು ನಾಲ್ಕು ಸಲ ಗೀಚಿ ನೋಡಿದ. ನನಗೆ ಯಾವುದೂ ಒಪ್ಪಿಗೆಯಾಗಲಿಲ್ಲ.